ಅಟ್ಟಣೆಯ ಮೇಲಿನ ಕೆಮ್ಮು

ಗಂಡನ ಪ್ಯಾಂಟು ಹಾಕಿಕೊಂಡು ಮರ ಹತ್ತುವುದು ಗಂಗಾಮಣಿಗೆ ಈಗ ರೂಢಿಯಾಗಿತ್ತು. ರೂಢಿಯಾಗದೆ ಉಳಿದದ್ದು ಕೆಮ್ಮು. ರಂಗಸ್ವಾಮಿಯದು ಬೀಡಿಯ ಕೆಮ್ಮು; ಮೊದಲು ಯಾರೋ ಬಾಗಿಲು ತಟ್ಟಿದಂತೆ ಗಂಟಲಲ್ಲೇ ಎರಡು ಸಲ ಸಣ್ಣಗೆ ಸದ್ದಾಗಿ, ಆಮೇಲೆ ಎದೆಯ ತಳದಿಂದ ಏನನ್ನೋ ಕಿತ್ತು ತರುವ ಹಾಗೆ ಉದ್ದಕ್ಕೆ ಎಳೆದು, ಕೊನೆಗೆ ಥೂ ಎಂದು ಮುಗಿಯುವುದು. ಮದುವೆಯಾದ ಲಾಗಾಯ್ತು ಪಕ್ಕದಲ್ಲೇ ಮಲಗಿ ಕೇಳಿದ ಕೆಮ್ಮಾದರೂ ತನ್ನ ಗಂಟಲಿಂದ ಹೊರಡಿಸಲು ಹೋದರೆ ಬೆಕ್ಕು ಸೀನಿದಂತಾಗುತ್ತಿತ್ತು. ಆದರೂ ಅಟ್ಟಣೆಯ ಹಲಗೆಯ ಮೇಲೆ ಮಂಡಿಯೂರಿ, ಬಿಲ್ಲನ್ನು ತೊಡೆಗೆ ಒರಗಿಸಿಕೊಂಡು ಅವಳು ಕೆಮ್ಮಿದಳು. ಕೆಳಗೆ ಕಲ್ಲಿನ ಮೇಲೆ ಕಂಬಳಿ ಹೊದ್ದು ಕೂತಿದ್ದ ಮಾವ ಗಿಡ್ಡಯ್ಯ ಸದ್ದು ಬಂದ ಕಡೆಗೆ ಮುಖವೆತ್ತಿ ನಕ್ಕ. “ನೆಗಡಿ ಆಗೈತೇನೋ ಮಗಾ? ಗಂಗಾಮಣಿಗೆ ಹೇಳು, ಮೆಣಸಿನ ಕಷಾಯ ಮಾಡ್ಕೊಡ್ತಾಳೆ. ಅಷ್ಟು ಮಾಡಾಕಾದ್ರೂ ಬತ್ತದೋ ಇಲ್ವೋ ಅವಳ್ಗೆ.” ಗಂಗಾಮಣಿ ಮೇಲಿನಿಂದ ಇನ್ನೊಂದು ಸಲ, ಒಪ್ಪಿಗೆ ಎಂಬಂತೆ, ಕೆಮ್ಮಿದಳು.

ವನಗೂರಿನಿಂದ ಜೀಪು ಮಾತ್ರ ಏರಬಲ್ಲ ದಾರಿಯ ಕೊನೆಗೆ ಇವರ ಮನೆ, ಮನೆಯ ಹಿಂದೆ ಕಾಫಿ, ಕಾಫಿಯ ಕೆಳಗೆ ಒಂದು ತುಂಡು ಬೀನ್ಸಿನ ಹೊಲ, ಅದರಾಚೆ ಕಾಡು. ಹೊಲದ ಅಂಚಿನ ನೇರಳೆ ಮರದಲ್ಲಿದ್ದ ಈ ಅಟ್ಟಣೆಯನ್ನು ಹಂದಿ ಕಾಯಲೆಂದು ರಂಗಸ್ವಾಮಿಯೇ ಕಟ್ಟಿಸಿದ್ದು. ಕಟ್ಟಿಸಿದ ವಾರವೇ ಹಂದಿಯ ಬದಲು ಆನೆ ಬಂದು, ಮರಕ್ಕೆ ಬೆನ್ನುಜ್ಜಿಕೊಂಡು, ಏನೂ ಮಾಡದೆ ಹೋಗಿತ್ತು. ಅವತ್ತು ಮೇಲೆ ಕೂತಿದ್ದ ರಂಗಸ್ವಾಮಿ ಬೆಳಗಾದ ಮೇಲೆ ಇಳಿದು ಬಂದವನು ಮತ್ತೆ ಅತ್ತ ಸುಳಿದಿರಲಿಲ್ಲ. ಈಗ ಹಲಗೆಯ ಮೇಲೆ ಅವನ ಪ್ಯಾಂಟು, ಅವನ ಖಾಕಿ ಅಂಗಿ, ಅವನ ಮಂಕಿ ಟೋಪಿ ಇದ್ದವು; ಒಳಗೆ ಇದ್ದವಳು ಮಾತ್ರ ಗಂಗಾಮಣಿ. ಹೊಲದ ನಡುವೆ ನಾಲ್ಕು ಗೂಟದ ಮೇಲೆ ಕಾಫಿ ಹೊಟ್ಟು ತುಂಬಿದ ಗೋಣಿಚೀಲವೊಂದು ಕಡವೆಯಾಗಿ ನಿಂತಿತ್ತು. ಮುದುಕ ಅದನ್ನು ತಡವಿ ನೋಡಿ “ಮುಖ ಇಲ್ಲದ ಕಡವೆ ಯಾವ ಊರಾಗೈತೋ?” ಎಂದು ಬೈದ ಮೇಲೆ, ಹಾಸನದಲ್ಲಿ ನರ್ಸಿಂಗ್ ಓದುತ್ತಿದ್ದ ಮಗಳು ಮಧುಶ್ರೀಯ ಹಳೆಯ ಶಾಲೆಚೀಲವನ್ನು ಗಂಗಾಮಣಿ ಮುಖವೆಂದು ಮುಂದಕ್ಕೆ ಹೊಲಿದಿದ್ದಳು. ಆ ಚೀಲದ ಮೇಲೆ ಹಲ್ಲು ಕಿರಿದ ಗೊಂಬೆಯ ಚಿತ್ರವಿತ್ತು. ನಗುತ್ತಿರುವ ಪ್ರಾಣಿಗೆ ಬಾಣ ಬಿಡುವುದು ಮೊದಮೊದಲು ಅವಳಿಗೆ ಪಾಪವೆನ್ನಿಸಿತ್ತು. ಆಮೇಲೆ ಆ ನಗು ತನ್ನನ್ನು ನೋಡಿಯೇ ಎನ್ನಿಸತೊಡಗಿ ಸುಲಭವಾಯಿತು.

“ಸೊಂಟ ಬಗ್ಸು, ತೋಳು ಇಳಿಸ್ಬ್ಯಾಡ” ಎಂದ ಗಿಡ್ಡಯ್ಯ. ಮರದ ಮೇಲಿಂದ ಹೊಡೆಯುವಾಗ ತೋಳನ್ನಷ್ಟೇ ಕೆಳಗೆ ಮಾಡಿದರೆ ಬಾಣ ಪ್ರಾಣಿಯ ಬೆನ್ನ ಮೇಲಿಂದ ಹಾರಿಹೋಗುತ್ತದೆ. ನೆಲದಲ್ಲಿ ನಿಂತಂತೆಯೇ ಹಿಡಿದು, ನಡುವಿನಿಂದ ಬಾಗಬೇಕು. ಹೆದೆಯ ಬೆರಳು ದಿನವೂ ಕೆನ್ನೆಯ ಅದೇ ಜಾಗಕ್ಕೆ ಬರಬೇಕು. ಅವನು ಮಗನಿಗೆಂದು ಹೇಳಿದ್ದನ್ನೆಲ್ಲ ಸೊಸೆ ಕಲಿತಿದ್ದಳು. ನಡು ಬಗ್ಗಿಸುವುದು ಅವಳಿಗೆ ಹೇಳಿಕೊಡಬೇಕಾದ ವಿದ್ಯೆಯೂ ಆಗಿರಲಿಲ್ಲ. ಉಸಿರು ಹಿಡಿದಳು, ಬಿಟ್ಟಳು. ಗೋಣಿಯಲ್ಲಿ ಡಬ್ ಎಂದಿತು. “ಭೇಷ್” ಎಂದ ಮುದುಕ. “ಮುಂಗಾಲಿನ ಹಿಂದ್ಗಡೆ, ಸರಿಯಾಗಿ ಗುಂಡಿಗೆಗೆ. ಸದ್ದಲ್ಲೇ ಗೊತ್ತಾಯ್ತದೆ ಕಣೋ. ನಿಮ್ಮ ತಾತನ ಕೈ ಬಂದೈತೆ ನಿಂಗೆ.”

ಈ ‘ಭೇಷ್’ಗಾಗಿಯೇ ತಾನು ಇಷ್ಟೆಲ್ಲ ವೇಷ ಹಾಕುತ್ತಿರುವುದೇ ಎಂದು ಗಂಗಾಮಣಿ ಒಮ್ಮೊಮ್ಮೆ ಕೇಳಿಕೊಳ್ಳುತ್ತಿದ್ದಳು. ಮೋಸ ಮಾಡಬೇಕೆಂದು ಹೊರಟವಳಲ್ಲ ಅವಳು. ಗೌರಿಹಬ್ಬಕ್ಕೆ ಮುಂಚೆ ಅಟ್ಟ ಗುಡಿಸುವಾಗ ಹಳೆಯ ಕಂಬಳಿಯಲ್ಲಿ ಸುತ್ತಿಟ್ಟ ಬಿದಿರ ಬಿಲ್ಲು ಸಿಕ್ಕಿತ್ತು. ವರ್ಷಕ್ಕೊಂದು ಸಲ ಆಯುಧಪೂಜೆಗೆ ಇಳಿಸಿ ಕುಂಕುಮ ಇಟ್ಟು ಮತ್ತೆ ಏರಿಸುವ ಬಿಲ್ಲು. ಹೆಂಗಸರು ಮುಟ್ಟಬಾರದು ಎಂದು ಅತ್ತೆ ಭದ್ರಮ್ಮ ಬದುಕಿದ್ದಾಗ ಹೇಳುತ್ತಿದ್ದಳು. ಮುಟ್ಟದೆ ಧೂಳು ಒರೆಸುವುದು ಹೇಗೆಂದು ಅತ್ತೆ ಹೇಳಿರಲಿಲ್ಲ. ಹಿತ್ತಲಿಗೆ ತಂದು ಕೊಡವಿದಳು. ಹೆದೆಯನ್ನು ಇಲಿ ತಿಂದಿತ್ತು. ಬಟ್ಟೆ ಒಣಹಾಕುವ ನೈಲಾನ್ ದಾರವನ್ನು ಬಿಚ್ಚಿ ತಂದು, ಮಂಡಿ ಕೊಟ್ಟು ಬಿದಿರನ್ನು ಬಗ್ಗಿಸಿ ಬಿಗಿದಾಗಲೂ ತಾನೇನು ಮಾಡುತ್ತಿದ್ದೇನೆಂದು ಅವಳಿಗೆ ಸ್ಪಷ್ಟವಿರಲಿಲ್ಲ. ಒಂದು ಬಾಣ ಹೂಡಿ ಎಳೆದಳು. ಅದು ಹೋಗಿ ಹಲಸಿನ ಬೊಡ್ಡೆಗೆ ನಾಟಿ ಅದುರುತ್ತ ನಿಂತಿತು. ಅವಳ ಕೈಯಿಂದ ಹೊರಟದ್ದೊಂದು ಹೋಗಬೇಕಾದ ಕಡೆಗೇ ಹೋದದ್ದು ಈ ಮನೆಯಲ್ಲಿ ಅದೇ ಮೊದಲು. ಅವಳು ನೆಟ್ಟ ಕರಿಬೇವು ಏಳುತ್ತಿರಲಿಲ್ಲ, ಹಾಕಿದ ಹೆಪ್ಪು ಕೂರುತ್ತಿರಲಿಲ್ಲ. ಅವಳ ತವರೂರಿನ ಹೆಸರು ಹಿಡಿದು ‘ಪಾಳ್ಯದ ಕೈ’ ಎನ್ನುತ್ತಿದ್ದಳು ಅತ್ತೆ. ಆಲೂರು ಕಡೆಯ ಗದ್ದೆಯ ಕೆಸರಲ್ಲಿ ಬೆಳೆದ ಕೈ ಬೆಟ್ಟದ ಮಣ್ಣಿಗೆ ಒಗ್ಗದು ಎಂದು ಅದರ ಅರ್ಥ. ಬೊಡ್ಡೆಯ ಬಾಣವನ್ನು ನೋಡುತ್ತ ನಿಂತಾಗಲೇ ಜಗಲಿಯಿಂದ ಗಿಡ್ಡಯ್ಯ ಕೂಗಿದ್ದು: “ಯಾರದು? ರಂಗನಾ?”

ಅವನ ಒಂದು ಕಣ್ಣಿನ ಪೊರೆ ಬಲಿತಿತ್ತು, ಇನ್ನೊಂದರಲ್ಲಿ ನೆರಳಷ್ಟೇ ಆಡುತ್ತಿತ್ತು. ಪ್ಯಾಂಟು, ಟೋಪಿಯ ವೇಷ ಆ ನೆರಳಿಗಾಗಿಯೇ. ಆಪರೇಷನ್ ಎಂದರೆ “ಕತ್ತಿ ಹಾಕ್ಸ್ಕಳಾಕೆ ನಾನೇನು ಹರಕೆ ಕುರಿಯಾ?” ಎನ್ನುತ್ತಿದ್ದ. ಕಿವಿ ಮಾತ್ರ ಚುರುಕಾಗಿತ್ತು. ಹೆದೆಯ ಸದ್ದು, ನಾಟಿದ ಸದ್ದು ಎರಡನ್ನೂ ಹಿಡಿದಿದ್ದ. “ರಂಗಾ, ಬಿಲ್ಲು ಇಳಿಸ್ದೆಯಾ ಮಗಾ?” ಆ ದನಿಯನ್ನು, ಕರು ಹಾಕಿದ ಹಸುವಿನ ಜತೆ ಅವನು ಮಾತಾಡುವಾಗಲ್ಲದೆ ಗಂಗಾಮಣಿ ಬೇರೆಲ್ಲೂ ಕೇಳಿರಲಿಲ್ಲ. ನಾನು ಮಾವಯ್ಯ ಎನ್ನಬೇಕಿತ್ತು. ಎಂದಿದ್ದರೆ ದನಿ ಅಲ್ಲಿಗೇ ಮುರಿದುಬೀಳುತ್ತಿತ್ತು. ಬಿಲ್ಲು ಮುಟ್ಟಿದ್ದಕ್ಕೆ ಬೈಗುಳ ಬೇರೆ. ಅವಳು ಕೆಮ್ಮಿಬಿಟ್ಟಳು. ಅಷ್ಟೇ ಆದದ್ದು. ಒಂದು ಕೆಮ್ಮಿಗೆ ಇನ್ನೊಂದು ಸೇರಿ ಅಟ್ಟಣೆಯವರೆಗೂ ಬಂದು ನಿಂತಿತ್ತು.

ಅವತ್ತು ಊಟಕ್ಕೆ ಕೂತಾಗ ಗಿಡ್ಡಯ್ಯ “ಈಗ ನಂಗೆ ಸಮಾಧಾನ ಆಯ್ತು ಕಣೋ. ಬಾಣ ಎಂಥಾ ಸದ್ದು ಮಾಡ್ತು!” ಎಂದಾಗ ರಂಗಸ್ವಾಮಿ ಬಾಯಲ್ಲಿದ್ದ ಮುದ್ದೆ ನುಂಗದೆ ಹೆಂಡತಿಯ ಮುಖ ನೋಡಿದ್ದ. ಅವಳು ಸಾರಿನ ಸೌಟು ಹಿಡಿದು ಕಣ್ಣಲ್ಲೇ ಬೇಡಿಕೊಂಡಳು. “ಹೂಂ ಕಣಪ್ಪ, ಹಂಗೇ ಸುಮ್ನೆ ನೋಡ್ದೆ” ಎಂದ ಅವನು. ಮಲಗುವಾಗ ಇಬ್ಬರೂ ಬಾಯಿಗೆ ಹೊದಿಕೆ ತುರುಕಿಕೊಂಡು ನಕ್ಕಿದ್ದರು. ಮೊದಲ ಕೆಲವು ದಿನ ಊಟದ ಹೊತ್ತಿಗೆ ಅವನು ಅವಳಿಗೆ ಕಣ್ಣು ಹೊಡೆಯುತ್ತಿದ್ದ. ಬರಬರುತ್ತ ಕಣ್ಣು ಹೊಡೆಯುವುದು ನಿಂತಿತು. ಆಮೇಲೆ “ಇವತ್ತು ಗಾಳಿ ಜಾಸ್ತಿ ಇತ್ತಪ್ಪ, ಒಂದೀಟು ಎಡಕ್ಕೆ ಹಿಡ್ದೆ” ಎಂದು ತಾನಾಗಿಯೇ ವಿವರಿಸತೊಡಗಿದ. ಬಾಣ ಬಿಡುವ ಹೊತ್ತಿನಲ್ಲಿ ಅವನು ಒಳಗೆ ಗೋಡೆಗೆ ಮುಖ ಮಾಡಿ ಗೊರಕೆ ಹೊಡೆಯುತ್ತಿದ್ದ. ಗಾಳಿಯ ಸುದ್ದಿಯನ್ನು ಅವನಿಗೆ ಯಾರು ಹೇಳಿದರೋ. ಗಂಗಾಮಣಿಗೆ ನಗು ಬರುವುದು ನಿಂತಿತು. ಅದೇ ಊಟದಲ್ಲಿ ಮುದುಕ ಸಾರು ಚಪ್ಪರಿಸಿ, “ಗಂಡ ಇಂಥಾ ಗುರಿಕಾರ, ನಿನ್ ಕೈಗೆ ಒಂದು ಚಿಟಿಕೆ ಉಪ್ಪಿನ ಗುರಿ ಸಿಕ್ಕಲ್ವೇನವ್ವ?” ಎಂದಾಗ ಅವಳು ಒಳಗೆ ಹೋಗಿ ಉಪ್ಪಿನ ಮರಿಗೆಯ ಮುಂದೆ ಸುಮ್ಮನೆ ನಿಂತಿದ್ದಳು. ಅವಳ ಕೈಯನ್ನು ಅವಳ ಮುಂದೆಯೇ ಹೊಗಳುತ್ತ, ಅವಳ ಮುಂದೆಯೇ ತೆಗಳುತ್ತಿದ್ದ. ಎರಡೂ ಒಂದೇ ಕೈ ಎಂದು ಬಲ್ಲ ಇನ್ನೊಬ್ಬ ಪ್ರಾಣಿ ಆ ಮನೆಯಲ್ಲಿ ಮುದ್ದೆ ಮುರಿಯುತ್ತ ಕೂತಿತ್ತು. ಒಂದು ದಿನ ಬಾಣ ಜಾರಿ, ಮೊಟ್ಟೆಯಿಡುವ ಕೋಳಿಗೆ ತಾಗಿ ಅದು ಸತ್ತಾಗ ಮಾತ್ರ ರಂಗಸ್ವಾಮಿ “ಅದು ನಾನಲ್ಲ ಕಣಪ್ಪ” ಎಂದಿದ್ದ. ಮುದುಕ ನಂಬಲಿಲ್ಲ. ಆದರೂ ಅವನು ಹಾಗೆ ಹೇಳಿದ್ದು ಅವಳಿಗೆ ಮರೆಯಲಾಗಿರಲಿಲ್ಲ.

“ರಂಗಾ, ಇಳ್ದು ಬಾ” ಎಂದು ಗಿಡ್ಡಯ್ಯ ಈಗ ಕೆಳಗಿನಿಂದ ಪಿಸುಗುಟ್ಟಿದ. ಕಲ್ಲಿನಿಂದೆದ್ದು, ಹೊಲದ ಅಂಚಿನ ಹಸಿಮಣ್ಣಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಬೆರಳಲ್ಲಿ ನೆಲ ತಡಕುತ್ತಿದ್ದ. “ಹೆಜ್ಜೆ ಐತೆ ಇಲ್ಲಿ. ಗೊರಸು ನೋಡು ಎಷ್ಟಗಲ. ದೊಡ್ಡ ಕಡವೆ, ರಾತ್ರಿ ಬಂದು ಬೀನ್ಸ್ ತಿಂದು ಹೋಗೈತೆ. ರುಚಿ ಕಂಡೈತೆ ಅಂದ್ಮೇಲೆ ಇವತ್ತೂ ಬತ್ತದೆ. ಸಂಜೆ ಕಬ್ಬಿಣದ ತುದಿ ಹಾಕಿದ ಬಾಣ ತಗಂಡು ಹತ್ತು. ನಾನೂ ಬುಡದಾಗೆ ಕೂತಿರ್ತೀನಿ.” ಗಂಗಾಮಣಿ ಅಟ್ಟಣೆಯ ಮೇಲೇ ಕೂತುಬಿಟ್ಟಳು. ಕಾಡುಪ್ರಾಣಿ ಹೊಡೆದರೆ ಜೈಲು ಎಂದು ವನಗೂರಿನ ದಾರಿಯಲ್ಲಿ ಬೋರ್ಡಿತ್ತು. ಬೋರ್ಡಿನಲ್ಲಿ ಕಡವೆಯ ಚಿತ್ರವೇ ಇತ್ತು. ಇಷ್ಟು ದಿನ ಗೋಣಿಚೀಲಕ್ಕೆ ಬಾಣ ಬಿಡುವುದರ ಕೊನೆಗೆ ನಿಜವಾದ ಕಡವೆಯೊಂದು ನಿಂತಿದೆಯೆಂದು ಅವಳಿಗೆ ಗೊತ್ತಿಲ್ಲದೇನಿರಲಿಲ್ಲ. ಬೆಟ್ಟದಾಚೆ ಎಡಕುಮೇರಿಯಲ್ಲಿ ರೈಲು ನಿಲ್ಲುತ್ತದೆಂದು ಗೊತ್ತಿದ್ದ ಹಾಗೆ ಗೊತ್ತಿತ್ತು. ತಾನು ಹತ್ತಬೇಕಾದೀತೆಂದು ಎಣಿಸಿರಲಿಲ್ಲ. ಕೆಮ್ಮಬೇಕಿತ್ತು. ಬಿಲ್ಲಿನ ತುದಿಯಿಂದ ಹಲಗೆಯನ್ನು ಒಮ್ಮೆ ಕುಟ್ಟಿದಳು.

ಮಧ್ಯಾಹ್ನ ಗಂಡನಿಗೆ ಹೇಳಿದಳು. ಅಂಗಳದಲ್ಲಿ ಜೀಪು ತೊಳೆಯುತ್ತಿದ್ದ ರಂಗಸ್ವಾಮಿಯ ಕೈಯ ಬಟ್ಟೆ ಬಕೆಟ್ಟಿಗೆ ಬಿತ್ತು. “ಅಯ್ಯೋ, ಹೋಟ್ಲು ನಟರಾಜ್ ಆಗ್ಲೇ ತೊಡೆ ಕೇಳವ್ನಲ್ಲೇ!” “ಯಾವ ತೊಡೆ?” “ಕಡವೇದು. ನಾನು ಸುಮ್ನೆ ಮಾತಿಗೆ, ದಿನಾ ಅಟ್ಟಣೆ ಹತ್ತಿ ಹೊಡೀತೀನಿ ಕಣೋ ಅಂದಿದ್ದೆ.” ಅವಳಿಗೆ ಸಿಟ್ಟು ನೆತ್ತಿಗೇರಿತು. ಮನೆಯೊಳಗಿನದು ಸಾಲದೆಂದು ವನಗೂರಿನ ಹೋಟ್ಲಿನಲ್ಲೂ ಇವನು ಅವಳ ಬಾಣ ಬಿಡುತ್ತಿದ್ದ. ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ದಾರಿಯ ತಿರುವಿನಲ್ಲಿ ಸ್ತ್ರೀಶಕ್ತಿ ಸಂಘದ ಅಧ್ಯಕ್ಷೆ ಜಗದಾಂಬ ಇಬ್ಬರು ಹೆಂಗಸರನ್ನು ಹಿಂದಿಟ್ಟುಕೊಂಡು ಏರಿ ಬರುವುದು ಕಾಣಿಸಿತು. ಗಂಗಾಮಣಿ ಥಟ್ಟನೆ ಸೆರಗಿನಿಂದ ಎಡಗೈ ಮುಚ್ಚಿದಳು. ಮುಚ್ಚಿದ್ದೇ ತಪ್ಪಾಯಿತು. ಬಾಣ ಬಿಟ್ಟಾಗಲೆಲ್ಲ ನೈಲಾನ್ ಹೆದೆ ಮುಂಗೈ ಒಳಮಗ್ಗುಲಿಗೆ ಬಡಿದು ನೀಲಿ ಬಾಸುಂಡೆ ಎದ್ದಿತ್ತು. ಹೋದ ವಾರ ಸಂಘದ ಸಭೆಯಲ್ಲಿ ಜಗದಾಂಬ ಅದನ್ನು ನೋಡಿ, ಮೂಲೆಗೆ ಕರೆದು, “ಯಾರು ಮಾಡಿದ್ದು?” ಎಂದು ಕೇಳಿದ್ದಳು. “ಬಾಗ್ಲು ತಾಗ್ತು” ಎಂದಿದ್ದಳು ಇವಳು. ಗಂಡನ ಏಟು ತಿಂದ ಹೆಂಗಸರೆಲ್ಲರೂ ಹೇಳುವ ಮಾತು ಅದೇ ಎಂದು ಆಮೇಲೆ ಹೊಳೆದಿತ್ತು.

ಜಗದಾಂಬ ರಂಗಸ್ವಾಮಿಯನ್ನು ಮಾತಾಡಿಸದೆ ನೇರ ಜಗಲಿಗೆ ಹೋದಳು. “ಗಿಡ್ಡಯ್ಯನೋರೇ, ಮನೆ ಹಿರೀರು ಅಂತ ನಿಮ್ಮನ್ನೇ ಕೇಳ್ತೀನಿ. ನಿಮ್ಮ ಮಗ ಹೊಡೀತಾನೆ ಅಂತಲ್ಲ, ನಿಮಗೆ ಗೊತ್ತಾ?”

ಗಿಡ್ಡಯ್ಯನ ಮುಖ ಅರಳಿತು. “ಗೊತ್ತಿಲ್ದೆ ಏನವ್ವ? ದಿನಾ ಬೆಳಿಗ್ಗೆ ಹೊಡೀತಾನೆ. ಪಕ್ಕದಾಗೇ ಕೂತ್ಕಂಡು ಹೇಳ್ಕೊಡೋನೇ ನಾನು.”

ಹಿಂದಿದ್ದ ಹೆಂಗಸೊಬ್ಬಳು ಬಾಯಿಗೆ ಕೈ ಇಟ್ಟುಕೊಂಡಳು. ಜಗದಾಂಬ ಒಂದು ಮೆಟ್ಟಿಲು ಕೆಳಗಿಳಿದಳು. “ನೀವೇ ಹೇಳ್ಕೊಡ್ತೀರಾ?”

“ಮತ್ತಿನ್ಯಾರು ಹೇಳ್ಕೊಡ್ತಾರೆ? ನಮ್ಮ ಮನೆತನದ ವಿದ್ಯೆ ಕಣವ್ವ ಅದು. ನಮ್ಮಪ್ಪ ಹೊಡೀತಿದ್ದ, ನಾನು ಹೊಡೀತಿದ್ದೆ, ಈಗ ಇವ್ನು. ಕೈ ಕುದುರ್ಬುಟ್ಟೈತೆ. ಹತ್ತು ಹೊಡೆದ್ರೆ ಒಂದೂ ತಪ್ಪಲ್ಲ. ಇವತ್ತು ಸಂಜೆ ಐತೆ ನೋಡು, ಇವತ್ತು ಕೆಡವ್ಬುಡ್ತಾನೆ.”

“ಕೆಡವ್ಬುಡ್ತಾನಾ!” ಎಂದು ಕಿರುಚಿದಳು ಜಗದಾಂಬ. ರಂಗಸ್ವಾಮಿ ಒದ್ದೆ ಕೈಯನ್ನು ಆಡಿಸುತ್ತ ಓಡಿ ಬಂದ. “ಅಕ್ಕಾ, ಹಂಗಲ್ಲ ಕಣಕ್ಕಾ, ಅಪ್ಪ ಬೇರೆ ಏನೋ ಹೇಳ್ತಾ ಐತೆ.” “ಹಂಗಾದ್ರೆ ನಿನ್ನ ಹೆಂಡ್ತಿ ಕೈಗೆ ಏನಾಗೈತೆ? ಹೇಳು!” ರಂಗಸ್ವಾಮಿ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡ. ಬಾಣ ಬಿಡುವವಳು ಇವಳೇ ಎಂದರೆ ಜಗಲಿಯ ಮೇಲೆ ಅಪ್ಪ ಕೇಳಿಸಿಕೊಳ್ಳುತ್ತಿದ್ದ; ನಾನೇ ಬಿಡುವವನು ಎಂದರೆ ಕೈಯ ಮೇಲಿನ ಬಾಸುಂಡೆಗೆ ಉತ್ತರವಿರಲಿಲ್ಲ. ಗಂಗಾಮಣಿಯ ಕಡೆ ನೋಡಿದ. ಒಂದು ಮಾತು ಸಾಕಿತ್ತು ಅವಳಿಂದ. ಅವಳು ತಲೆ ತಗ್ಗಿಸಿ ಕಾಲಬೆರಳಲ್ಲಿ ನೆಲ ಕೆರೆದಳು. ಪಾಪ ಎನ್ನಿಸಿತು, ನಿಜಕ್ಕೂ ಎನ್ನಿಸಿತು. ಪಾಪದ ಅಡಿಯಲ್ಲೇ, ಹೆಪ್ಪು ಕೂತ ಮೊಸರಿನ ಹಾಗೆ ತಣ್ಣಗೆ ಇನ್ನೇನೋ ಗಟ್ಟಿಯಾಗುತ್ತಿತ್ತು. ತಾನು ಬಿಟ್ಟ ಬಾಣದ ಹೆಸರನ್ನೆಲ್ಲ ತೆಗೆದುಕೊಂಡವನು ಅದರ ಏಟನ್ನೂ ತೆಗೆದುಕೊಳ್ಳಲಿ. ಜಗದಾಂಬ ಹೋಗುವಾಗ “ಇನ್ನೊಂದು ಸಲ ಕೈ ಎತ್ತಿದ್ರೆ ಸ್ಟೇಷನ್ನಿಗೇ ಬರೋದು, ಮಾರಾಯ” ಎಂದು ಬೆರಳು ತೋರಿಸಿದಳು. ಗಿಡ್ಡಯ್ಯ “ಯಾಕೋ ಅವಳು ಹಂಗೆ ಕಿರುಚ್ಕಂಡು ಹೋದ್ಲು? ಒಂದು ಪಾಲು ಬಾಡು ಕೊಡಾನ ಬುಡು” ಎಂದ.

ಅದಾದ ಮೇಲೆ ರಂಗಸ್ವಾಮಿ ಜೀಪನ್ನು ಪೂರ್ತಿ ತೊಳೆಯಲೂ ಇಲ್ಲ. “ಸಕಲೇಶಪುರಕ್ಕೆ ಟ್ರಿಪ್ ಐತೆ. ಕಡವೆ ನೀನೇ ನೋಡ್ಕ. ಹೊಡೀಬ್ಯಾಡ ಮತ್ತೆ, ಫಾರೆಸ್ಟ್‌ನೋರು ಬಂದ್ರೆ ನನ್ನನ್ನೇ ಎಳ್ಕಂಡು ಹೋಗೋದು” ಎಂದು ಅರ್ಧ ಸೋಪುನೊರೆಯ ಜೀಪು ಹತ್ತಿ ಇಳಿಜಾರಿನಲ್ಲಿ ಮಾಯವಾದ. ಅವನ ಪ್ಯಾಂಟು ಹಗ್ಗದ ಮೇಲೆ ಒಣಗುತ್ತಿತ್ತು.

ಸಂಜೆ ಅವಳು ಮರ ಹತ್ತಿದಳು. ಯಾಕೆ ಹತ್ತಿದಳೆಂದು ಕೇಳಿದ್ದರೆ ಮುದುಕನ ಆಸೆ ಎನ್ನುತ್ತಿದ್ದಳು. ಅದು ಪೂರ್ತಿ ಸುಳ್ಳಲ್ಲ. ಗಿಡ್ಡಯ್ಯ ಬುಡದಲ್ಲಿ, ಕಾಂಡದ ಈಚೆಗೆ, ಕಂಬಳಿಯೊಳಗೆ ಗಂಟಾಗಿ ಕೂತ. ಗಾಳಿ ಕಾಡಿನ ಕಡೆಯಿಂದ ಇವರತ್ತ ಬೀಸುತ್ತಿತ್ತು. ಬಿಸಿಲು ಎದುರು ಬೆಟ್ಟದ ನೆತ್ತಿಗೆ ಹೋಗಿ, ಹೊಲದ ಹಸಿರು ಕಪ್ಪಿಗೆ ತಿರುಗುವ ಹೊತ್ತು. ಮಾವ ಕೆಳಗೆ, ಸೊಸೆ ಮೇಲೆ. ಪಾಳ್ಯದಲ್ಲಿ ಅವಳ ತಾಯಿ ನೋಡಿದ್ದರೆ ಎದೆ ಒಡೆದುಕೊಳ್ಳುತ್ತಿದ್ದಳು. ಮಾವನ ಮುಂದೆ ಚಾಪೆಯ ಮೇಲೂ ಕೂರದವಳು ತಾನು. ಮುದ್ದೆಗೆ ಎಸರಿಟ್ಟು ಬರಬೇಕಿತ್ತು, ಮರೆತೆ. ಕಾಳು ನೆನೆಹಾಕಿದೆನೇ? ಬಾಣದ ತುದಿಯ ಕಬ್ಬಿಣ ತಣ್ಣಗಿತ್ತು. ಮಧುಶ್ರೀ ಫೋನ್ ಮಾಡಿದರೆ ಏನೆನ್ನುವುದು, ಮರದ ಮೇಲಿದ್ದೇನೆ ಎನ್ನುವುದೇ? ಹೀಗೆ ಯೋಚನೆ ಎಲ್ಲೆಲ್ಲೋ ಮೇಯುತ್ತಿರುವಾಗ ಗೋಣಿಚೀಲದ ಕಡವೆಯ ಪಕ್ಕದಲ್ಲಿ ಇನ್ನೊಂದು ಕಡವೆ ನಿಂತಿತ್ತು.

ಅದು ಬಂದದ್ದು ಕಾಣಲೇ ಇಲ್ಲ. ಮೊದಲಿನಿಂದ ಅಲ್ಲೇ ಇದ್ದು ಈಗ ಕಾಣಿಸಿಕೊಂಡಿತೇನೋ. ಎಮ್ಮೆಕರುವಿಗಿಂತ ಎತ್ತರ, ಕುತ್ತಿಗೆಗೆ ಒದ್ದೆ ಕಂಬಳಿಯಂಥ ಕೂದಲು, ಒಣಕೊಂಬೆಯಂಥ ಕೊಂಬು. ಶಾಲೆಚೀಲದ ನಗುಮುಖವನ್ನು ಒಂದು ಸಲ ಮೂಸಿ, ತನ್ನ ಜಾತಿಯದಲ್ಲವೆಂದು ತೀರ್ಮಾನಿಸಿ, ಬೀನ್ಸಿಗೆ ಬಾಯಿ ಹಾಕಿತು. ಕಿತ್ತು ಅಗಿಯುವ ಸದ್ದು ಇಲ್ಲಿಯವರೆಗೂ ಬರುತ್ತಿತ್ತು. ಗಂಗಾಮಣಿ ತಾನು ಎದ್ದು ಮಂಡಿಯೂರಿದ್ದನ್ನೂ, ನಡು ಬಾಗಿದ್ದನ್ನೂ, ಹೆದೆ ಕೆನ್ನೆಯ ಅದೇ ಜಾಗಕ್ಕೆ ಬಂದು ತಾಗಿದ್ದನ್ನೂ ಬೇರೆ ಯಾರೋ ಮಾಡುತ್ತಿರುವ ಹಾಗೆ ನೋಡಿದಳು. ಮುಂಗಾಲಿನ ಹಿಂದೆ ಅಂಗೈಯಗಲದ ಜಾಗ. ತಪ್ಪುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆ ಗೊತ್ತಿರುವಿಕೆಯೇ ಭಯ ಹುಟ್ಟಿಸಿತು. ನೂರಾರು ಕೋಳಿಯ ಕುತ್ತಿಗೆ ಮುರಿದ ಕೈಗೆ ಒಂದು ಕಡವೆ ಹೆಚ್ಚಲ್ಲ. ಆದರೆ ಕೋಳಿ ಯಾವತ್ತೂ ತಾನಾಗಿ ಇಷ್ಟು ಸಮಾಧಾನದಿಂದ ಊಟ ಮಾಡುತ್ತ ಎದುರು ನಿಂತಿರಲಿಲ್ಲ. ಬಿಡುವುದೋ, ಇಳಿಸುವುದೋ? ಬುಡದಿಂದ ಗಿಡ್ಡಯ್ಯನ ಪಿಸುದನಿ ಏರಿ ಬಂತು. ಅಗಿಯುವ ಸದ್ದನ್ನು ಅವನೂ ಹಿಡಿದಿದ್ದ. “ಬುಡು ಮಗಾ. ಹೆದರ್ಬ್ಯಾಡ. ನಿನ್ ಕೈ ತಪ್ಪಲ್ಲ. ನನ್ ರಕ್ತ ಕಣೋ ನೀನು, ನನ್ ರಕ್ತ.”

“ರಕ್ತ ನಿಮ್ದಲ್ಲ ಮಾವಯ್ಯ” ಎಂದಳು ಗಂಗಾಮಣಿ. “ಪಾಳ್ಯದ್ದು.”

ಪಿಸುಗುಟ್ಟಿದ್ದಲ್ಲ. ಹಟ್ಟಿಯಿಂದ ಹಸುವನ್ನು ಕರೆಯುವ ದನಿಯಲ್ಲಿ, ಇಡೀ ಹೊಲಕ್ಕೆ ಕೇಳುವ ಹಾಗೆ ಹೇಳಿಬಿಟ್ಟಿದ್ದಳು. ಕಡವೆ ಒಮ್ಮೆ ಢಾಂಕ್ ಎಂದು ಕೂಗಿ, ಗೋಣಿಚೀಲವನ್ನು ಗೂಟಸಮೇತ ಕೆಡವಿಕೊಂಡು, ಕಾಡಿನೊಳಗೆ ನುಗ್ಗಿತು. ಕೊಂಬೆ ಮುರಿಯುವ ಸದ್ದು ದೂರವಾಗುತ್ತ ಹೋಗಿ ನಿಂತಿತು. ಗಂಗಾಮಣಿ ಹೆದೆಯನ್ನು ಮೆಲ್ಲಗೆ ಸಡಿಲ ಬಿಟ್ಟಳು. ಕೆಳಗೆ ಗಿಡ್ಡಯ್ಯ ಎದ್ದು ನಿಂತು ಕೋಲಿನಿಂದ ಮರಕ್ಕೆ ಬಡಿದ. “ಲೋ ರಂಗಾ! ಇವಳನ್ನ್ಯಾಕೋ ಮೇಲಕ್ಕೆ ಹತ್ತಿಸ್ಕಂಡೆ? ಓಡಿಸ್ಬುಟ್ಲಲ್ಲೋ!”

ಅವಳಿಗೆ ಅಳು ಬರಬೇಕೋ ನಗು ಬರಬೇಕೋ ತಿಳಿಯಲಿಲ್ಲ. ಹೇಳಿದರೂ ಮರದ ಮೇಲೆ ಅವಳು ಎರಡನೆಯವಳು. “ಅವರು ಇಲ್ಲಿಲ್ಲ ಮಾವಯ್ಯ. ಸಕಲೇಶಪುರಕ್ಕೆ ಹೋಗವ್ರೆ. ಇಲ್ಲಿರೋಳು ನಾನೊಬ್ಳೇ.”

ಕೆಳಗೆ ಕೋಲು ಮರಕ್ಕೆ ಬಡಿಯುವುದು ನಿಂತಿತು. ಆಮೇಲೆ ಗಿಡ್ಡಯ್ಯ ಕೇಳಿದ: “ಬೆಳಿಗ್ಗೆ ಗುಂಡಿಗೆಗೆ ಬಿದ್ದದ್ದು?”

“ನಾನೇ.”

“ಮಳೆ ಹನೀತಿದ್ದಾಗ ಒಂದರ ಪಕ್ಕಕ್ಕೆ ಒಂದು ಬಿದ್ವಲ್ಲ?”

“ನಾನೇ ಮಾವಯ್ಯ.”

“ಕೋಳಿ?”

“ಅದೂ ನಾನೇ.”

“ಹಂಗಾದ್ರೆ ರಂಗ ಏನ್ ಮಾಡ್ತಿದ್ದ?”

“ಮಲಗಿರ್ತಿದ್ರು.”

ಗಿಡ್ಡಯ್ಯ ಹೂಂ ಎಂದ. ಆ ಹೂಂನಲ್ಲಿ ಏನಿತ್ತೆಂದು ಅವಳು ಹುಡುಕಿದಳು, ಏನೂ ಸಿಗಲಿಲ್ಲ. “ಇಳಿ ಕ್ಯಳಕ್ಕೆ. ಮಾವನ ತಲೆ ಮ್ಯಾಲೆ ಕೂತ್ಕಳಾದು ಯಾವೂರ ಪದ್ಧತಿ?” ಎಂದ. ಅವಳು ಏಣಿಗೆ ಕಾಲಿಟ್ಟಾಗ ಏಣಿ ಅಲುಗಾಡಲಿಲ್ಲ. ಎಂದಿಗಿಂತ ಗಟ್ಟಿಯಾಗಿದೆಯಲ್ಲ ಎಂದು ಬಗ್ಗಿ ನೋಡಿದರೆ ಗಿಡ್ಡಯ್ಯ ಎರಡೂ ಕೈಯಲ್ಲಿ ಅದರ ಬುಡ ಹಿಡಿದು ನಿಂತಿದ್ದ. ಸೊಸೆ ಪ್ಯಾಂಟಿನಲ್ಲಿ ಇಳಿಯುವುದನ್ನು ನೋಡಬಾರದೆಂದು, ಆ ಕಾಣದ ಕಣ್ಣನ್ನು ಕಾಡಿನ ಕಡೆಗೆ ತಿರುಗಿಸಿಕೊಂಡಿದ್ದ.

ರಂಗಸ್ವಾಮಿ ಊಟದ ಹೊತ್ತಿಗೆ ಬಂದ. ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡು ಬಂದಿದ್ದನೆಂದು ತೋರುತ್ತದೆ. ತಟ್ಟೆಯ ಮುಂದೆ ಕೂತವನೇ “ಒಂದು ಕೂದಲೆಳೇಲಿ ತಪ್ಪೋಯ್ತಲ್ಲಪ್ಪ” ಎಂದ. ಗಂಗಾಮಣಿ ಮುದ್ದೆ ಇಡುವ ಕೈ ನಿಲ್ಲಿಸಿದಳು. ಗಿಡ್ಡಯ್ಯ ಸಾರಿನಲ್ಲಿ ಬೆರಳಾಡಿಸುತ್ತ, “ಹೌದಾ? ಎಲ್ಲಿತ್ತು ಅದು?” ಎಂದು ಕೇಳಿದ. “ಅಲ್ಲೇ ಕಣಪ್ಪ, ಚೀಲದ ಬಲಗಡೆ.” “ಕೊಂಬಿತ್ತಾ?” “ಇಷ್ಟುದ್ದ!” ಎಂದು ರಂಗಸ್ವಾಮಿ ಕುರುಡನ ಮುಂದೆ ಎರಡೂ ಕೈ ಅಗಲಿಸಿ ತೋರಿಸಿದ. ಮುದುಕ ಬಿಡಲಿಲ್ಲ. ಯಾವ ಕಡೆ ಮುಖ ಮಾಡಿತ್ತು, ಕಿವಿ ಹೇಗೆ ಆಡಿಸಿತು, ಹೆದೆ ಎಳೆದಾಗ ಇವನಿಗೇನನ್ನಿಸಿತು ಎಂದೆಲ್ಲ ಒಂದೊಂದಾಗಿ ಕೇಳಿದ. ರಂಗಸ್ವಾಮಿ ಎಲ್ಲಕ್ಕೂ ಉತ್ತರ ಕೊಟ್ಟ. ಎದೆ ಹೊಡೆದುಕೊಂಡದ್ದನ್ನು ಹೇಳುವಾಗ ಅವನ ಕಣ್ಣಲ್ಲಿ ನೀರೇ ಬಂತು. ಅವನ ಮೇಲೆ ಸಿಟ್ಟು ಮಾಡಲು ಗಂಗಾಮಣಿಗೆ ಮನಸ್ಸಾಗಲಿಲ್ಲ. ಮರದ ಮೇಲೆ ತನಗೆ ಏನೇನನ್ನಿಸಿತ್ತೋ ಅದಕ್ಕಿಂತ ಚೆಂದವಾಗಿ ಹೇಳುತ್ತಿದ್ದ. ಕೊನೆಗೆ ಗಿಡ್ಡಯ್ಯ ತಟ್ಟೆಯಲ್ಲೇ ಕೈ ತೊಳೆದು, “ಚೆನ್ನಾಗಿ ಹೇಳ್ತೀಯ ಕಣೋ ರಂಗಾ. ನಾಳೆಯಿಂದ ಹೊತ್ತಿಗೆ ಮುಂಚೆ ಎದ್ದು ಒಲೆ ಹಚ್ಚು. ಅವಳ್ಗೆ ಬೇರೆ ಕೆಲ್ಸ ಐತೆ” ಎಂದು ಎದ್ದುಹೋದ. ರಂಗಸ್ವಾಮಿ ಹೆಂಡತಿಯ ಕಡೆ ನೋಡಿದ. ಅವಳು ಅವನ ತಟ್ಟೆಗೆ, ಕೇಳದೆಯೇ, ಇನ್ನೊಂದು ಸೌಟು ಸಾರು ಹಾಕಿದಳು.

ಬೆಳಿಗ್ಗೆ ಅವಳು ಪ್ಯಾಂಟಿನ ಮೇಲೆ ತನ್ನದೇ ರವಿಕೆ, ತನ್ನದೇ ಸ್ವೆಟರ್ ಹಾಕಿಕೊಂಡು ಹೋದಳು. ಬಿದ್ದ ಗೋಣಿಯನ್ನು ಎತ್ತಿ ನಿಲ್ಲಿಸಿ ಮರ ಹತ್ತಿದಳು. ಗಿಡ್ಡಯ್ಯ ಎಂದಿನ ಕಲ್ಲಿನ ಮೇಲೆ ಕೂರದೆ ಬುಡಕ್ಕೇ ಬಂದು ನಿಂತಿದ್ದ. “ಕಡವೆ ಗಿಡವೆ ಬ್ಯಾಡ ಬುಡು ಇನ್ನು. ಜೈಲಿಗೆ ಹಾಕ್ತಾರೆ. ರಂಗ ಹೋಗಿದ್ರೆ ಹೆಂಗೋ ನಡೀತಿತ್ತು, ನೀನು ಹೋದ್ರೆ ಮನೆ ನಡೆಯಲ್ಲ. ಗೋಣಿಗೇ ಹೊಡಿ” ಎಂದ. ಅವಳು ಬಾಣ ಹೂಡಿದಳು. ಬಿಲ್ಲು ಎತ್ತಿದ್ದೇ ತಡ ಶುರುವಾಯಿತು. ಹಲಗೆ ಕಿರುಗುಟ್ಟಿತು, ಮಂಡಿ ಸರಿಯಾಗಿ ಊರಿಲ್ಲ. ಹೆದೆಯನ್ನು ಹಸುವಿನ ಮೊಲೆ ಹಿಡಿದಂತೆ ಹಿಡಿದಿದ್ದೀಯ. ಬಿಡುವಾಗ ಬೆರಳು ಕಿತ್ತುಕೊಳ್ಳುತ್ತದೆ, ಸದ್ದಲ್ಲೇ ಗೊತ್ತಾಗುತ್ತದೆ. ನಿನಗೆ ಯಾರು ಕಲಿಸಿದ್ದು ಹೀಗೆ? ಮಗನೆಂದುಕೊಂಡಿದ್ದಾಗ ಒಂದು ತಿಂಗಳಿಂದ ಹೇಳದೆ ನುಂಗಿಕೊಂಡಿದ್ದ ಹುಳುಕನ್ನೆಲ್ಲ ಮುದುಕ ಒಂದೇ ಉಸಿರಿಗೆ ಹೊರಹಾಕುತ್ತಿದ್ದ. ಗಂಗಾಮಣಿ ಕೇಳುತ್ತಲೇ ಇದ್ದಳು. ಒಂದೊಂದು ತಪ್ಪೂ ನಿಜವಾಗಿ ಅವಳದೇ ಆಗಿತ್ತು, ಬೇರೆ ಯಾರ ಪಾಲಿಗೂ ಹೋಗುವಂಥದ್ದಲ್ಲ. ಮುಖ ಬಿಸಿಯಾಯಿತು, ಅವಮಾನಕ್ಕೆ ಅಲ್ಲವೆಂದು ತಿಳಿಯಲು ಒಂದು ಗಳಿಗೆ ಹಿಡಿಯಿತು.

“ಸುಮ್ನಿರಿ ಮಾವಯ್ಯ” ಎಂದಳು ಮೇಲಿನಿಂದ. “ಗುರಿ ತಪ್ತದೆ.”

ಈ ಮನೆಯಲ್ಲಿ ಯಾರೂ ಅವನಿಗೆ ಸುಮ್ಮನಿರಲು ಹೇಳಿದ್ದಿಲ್ಲ. ಗಿಡ್ಡಯ್ಯನ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು. ಅವಳು ನಡು ಬಾಗಿಸಿ, ಎಳೆದು, ಬಿಟ್ಟಳು. ಬಾಣ ಗೋಣಿಯ ಬೆನ್ನ ಮೇಲಿಂದ ಹಾರಿ ಬೀನ್ಸಿನಾಚೆಗೆ ಹೋಗಿ ಬಿತ್ತು.

“ತಪ್ತು” ಎಂದ ಮುದುಕ.

“ನೀವು ಸದ್ದು ಮಾಡಿದ್ದಕ್ಕೆ.”

“ನಾನೆಲ್ಲಿ ಸದ್ದು ಮಾಡ್ದೆ? ಬಾಯಿ ಮುಚ್ಕಂಡು ನಿಂತಿದ್ನಲ್ಲ!”

“ಉಸಿರಾಡಿದ್ರಿ” ಎಂದಳು ಗಂಗಾಮಣಿ, ಇನ್ನೊಂದು ಬಾಣಕ್ಕೆ ಕೈಹಾಕುತ್ತ. ಕೆಳಗೆ ಗಿಡ್ಡಯ್ಯ ಏನೋ ಗೊಣಗಲು ಹೊರಟವನು, ಹಾಗೇ ತಡೆದು, ಕೋಲನ್ನು ಎದೆಗವಚಿಕೊಂಡು, ಕೆನ್ನೆ ಉಬ್ಬಿಸಿ ಉಸಿರು ಹಿಡಿದು ನಿಂತ.